ನನ್ನ ಸಿಟ್ಟಿಗೆ ನೂರು ಪೀಸಿನ ಆರ್ಡರ್

ಒಬ್ಬ ಮನುಷ್ಯನಿಗೆ ಸಿಟ್ಟು ಇದೆಯೋ ಇಲ್ಲವೋ ಎಂದು ಅವನನ್ನೇ ಕೇಳಬಾರದು, ಅವನ ಮನೆಯ ಸ್ಟೀಲ್ ಲೋಟಗಳನ್ನು ನೋಡಬೇಕು. ನಮ್ಮ ಮನೆಯಲ್ಲಿ ಹನ್ನೆರಡು ಲೋಟಗಳಿವೆ, ನೆಗ್ಗದೆ ಉಳಿದದ್ದು ಒಂದೂ ಇಲ್ಲ. ಹಾಗಿದ್ದೂ ಐವತ್ತೆಂಟು ವರ್ಷ ತುಂಬುವವರೆಗೆ ನನ್ನಷ್ಟು ಶಾಂತಸ್ವಭಾವದವನು ಚನ್ನಪಟ್ಟಣದಲ್ಲೇ ಇಲ್ಲ ಎಂದು ನಂಬಿಕೊಂಡಿದ್ದೆ. ನನ್ನನ್ನು ಕೆಣಕುವವರು ಊರು ತುಂಬ ಇದ್ದರು. ಅದಕ್ಕೆ ನಾನೇನು ಮಾಡಲಿ ಹೇಳಿ?

ನನ್ನ ಕಸುಬು ಬೊಂಬೆ ಮಾಡುವುದು. ಲೇತಿನ ಮೇಲೆ ಹಾಲೆ ಮರ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸಿ ಇಳಿಸಿದರೆ ನನ್ನ ಪಾಲು ಮುಗಿಯಿತು. ಅಲ್ಲಿಂದಾಚೆಗೆ ಕಣ್ಣು, ಹುಬ್ಬು, ಬಾಯಿ ಬರೆಯುವವನು ಪುಟ್ಟಸ್ವಾಮಿ. ಇಪ್ಪತ್ತಾರು ವರ್ಷದಿಂದ ಒಂದೇ ಷೆಡ್ಡಿನಲ್ಲಿ ಅವನಿಗೊಂದು ಮೂಲೆ, ನನಗೊಂದು ಮೂಲೆ, ಇಬ್ಬರಿಗೂ ಸೇರಿ ಒಂದು ಫ್ಯಾನು. ನನ್ನ ಮಕ್ಕಳ ನಾಮಕರಣಕ್ಕೂ ಅವನೇ ಮುಂದೆ, ನನ್ನ ಬೊಂಬೆಗಳಿಗೆ ಕಣ್ಣು ಕೊಡುವುದಕ್ಕೂ ಅವನೇ. ಅಂಥವನ ಜೊತೆ ನಾನು ಹನ್ನೊಂದು ತಿಂಗಳು ಮಾತು ಬಿಟ್ಟೆ, ಅದೂ ಒಂದು ಕುದುರೆಯ ದೆಸೆಯಿಂದ.

ಆಗಿದ್ದಿಷ್ಟು. ಹೆದ್ದಾರಿ ಪಕ್ಕ ಅಂಗಡಿ ಇಟ್ಟಿರುವ ಸಾಹುಕಾರರು ಷೆಡ್ಡಿಗೆ ಬಂದಿದ್ದರು. ಹದಿನೈದು ದಿನ ಕೂತು ಮಾಡಿದ್ದ ಹೊಸ ಕುದುರೆಯನ್ನು ಅವರ ಕೈಗಿಟ್ಟು, ಹೊಗಳಿಕೆ ಬೀಳಲಿ ಎಂದು ಕಿವಿ ನಿಮಿರಿಸಿಕೊಂಡು ನಿಂತಿದ್ದೆ. ಆಗ ಈ ಪುಟ್ಟಸ್ವಾಮಿ, ಕುಂಚದಿಂದ ಕಣ್ಣನ್ನೂ ಎತ್ತದೆ, "ಕುದುರೆ ಚೆನ್ನಾಗೈತೆ. ಒಸಿ ಕುಂಟ್ತದೆ ಅಷ್ಟೆ" ಅಂದುಬಿಟ್ಟ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಾನು ಆಡಿದ್ದನ್ನು ಅಚ್ಚು ಹಾಕಿಸುವಂತಿಲ್ಲ.

ಅವತ್ತಿನಿಂದ ನಾವಿಬ್ಬರೂ ಮಾತಾಡುತ್ತಿದ್ದದ್ದು ಗೋಡೆಯ ಜೊತೆ. "ಅರಗು ಆರೈತೆ, ತಗಬೋದು" ಎಂದು ನಾನು ಗೋಡೆಗೆ ಹೇಳುತ್ತಿದ್ದೆ. "ನಂಗೂ ಕಣ್ಣೈತೆ" ಎಂದು ಗೋಡೆ ಪುಟ್ಟಸ್ವಾಮಿಯ ದನಿಯಲ್ಲಿ ಉತ್ತರ ಕೊಡುತ್ತಿತ್ತು. ಮೂರನೇ ತಿಂಗಳಿಗೆ ನಿದ್ದೆ ಕೆಟ್ಟಿತು, ಹತ್ತನೆಯದಕ್ಕೆ ಬಿ.ಪಿ. ಏರಿತು. ಹೆಂಡತಿ ಗೌರಮ್ಮ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಅದು ಸಾಲದು ಎಂದು ಮೂಲೆಯ ಕೋಣೆಗೂ ಕಳಿಸಿದರು.

ಅಲ್ಲಿ ಸೂಜಿ ಇರಲಿಲ್ಲ. ಎಳೆ ವಯಸ್ಸಿನ ಒಬ್ಬ ಮೇಡಂ, ಬಿಳಿ ಹಾಳೆ, ಬಣ್ಣದ ಡಬ್ಬಿಗಳು. ಇದಕ್ಕೆ ಆರ್ಟ್ ಥೆರಪಿ ಅನ್ನುತ್ತಾರೆ, ಮನಸ್ಸಿನಲ್ಲಿರುವುದನ್ನು ಹಾಳೆಗೆ ಇಳಿಸಿದರೆ ಎದೆ ಹಗುರಾಗುತ್ತದೆ ಎಂದು ಅವರು ತಿಳಿಸಿ ಹೇಳಿದರು. ನಾನು ವಿನಯದಿಂದಲೇ, ಎಷ್ಟು ಪೀಸು ಬೇಕು, ಯಾವತ್ತಿಗೆ ಕೊಡಬೇಕು ಎಂದು ಕೇಳಿದೆ. ಒಂದೇ ಸಾಕು, ಅದೂ ನಿಮಗಾಗಿ ಅಂದರು. ನನಗಾಗಿ ಒಂದು ಬುಗುರಿಯನ್ನೂ ಮಾಡಿಕೊಂಡವನಲ್ಲ ನಾನು. ಯೋಚಿಸಿ ಯೋಚಿಸಿ ಒಂದು ಸೊನ್ನೆ ಬರೆದೆ. ಇದೇನು ಎಂದರು. ಮೇಲಿಂದ ನೋಡಿದರೆ ಹೀಗೆ ಕಾಣುತ್ತೆ ಮೇಡಂ ಎಂದೆ. ಏನು ಕಾಣುತ್ತೆ ಎಂದರು. ಯಾವುದಾದರೂ ಎಂದೆ. ಲೇತಿನಲ್ಲಿ ಹುಟ್ಟಿದ್ದೆಲ್ಲ ದುಂಡಗೇ ಅಲ್ಲವೆ? ಮೂರು ವಾರ ಬರೀ ಸೊನ್ನೆ ನೋಡಿದ ಮೇಲೆ ಆ ತಾಯಿ ಸೋತು, ನಿಮಗೆ ಬರುವ ಕೆಲಸದಲ್ಲೇ ನಿಮ್ಮ ಸಿಟ್ಟನ್ನು ಮಾಡಿ ತನ್ನಿ ಎಂದರು.

ಮಾಡಿದೆ. ಒಂದೇ ಗಂಟೆಯಲ್ಲಿ ಮರ ತಾನಾಗಿ ಬಂತು. ಊದಿದ ಕೆನ್ನೆ, ಇಲ್ಲದ ಕುತ್ತಿಗೆ, ಮೆಣಸಿನಕಾಯಿಯಂಥ ಕೆಂಪು. ಸಾಕ್ಷಾತ್ ಪುಟ್ಟಸ್ವಾಮಿ. ಮುಖ ಮಾತ್ರ ಆಸ್ಪತ್ರೆಯಲ್ಲಿ ಮೇಡಂ ಕುಂಚದಿಂದಲೇ ಬರೆದೆ. ಕುಂಚ ಹಿಡಿದು ಗೊತ್ತಿಲ್ಲದ ಕೈ, ಒಂದು ಹುಬ್ಬು ನೆತ್ತಿಗೆ ಹತ್ತಿತು, ಇನ್ನೊಂದು ಕಣ್ಣಿನೊಳಗೆ ಜಾರಿತು, ಬಾಯಿ ಹಾಗಲಕಾಯಿ ತಿಂದವರದ್ದಾಯಿತು. ನೋಡಿ ನನಗೇ ನಗು ತಡೆಯಲಾಗಲಿಲ್ಲ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದೆ. ಯಾರಿದು ಎಂದು ಮೇಡಂ ಕೇಳಿದರು. ಇದಾನೆ ಒಬ್ಬ ಎಂದೆ.

ವಾಪಸು ಬರುವಾಗ ಸಾಹುಕಾರರ ಅಂಗಡಿ ಹೊಕ್ಕಿದ್ದೇ ತಪ್ಪಾಯಿತು. ಅವರು ಚೀಲದಿಂದ ಬೊಂಬೆ ಎತ್ತಿಕೊಂಡು, ಕಣ್ಣೀರು ಬರುವಷ್ಟು ನಕ್ಕು, ನೂರು ಪೀಸು ಬೇಕು, ಎಲ್ಲವೂ ಹೀಗೇ ಇರಬೇಕು, ಹುಬ್ಬು ಸಮೇತ, ಎಂದು ಆರ್ಡರ್ ಕೊಟ್ಟರು. ಮನೆಯಲ್ಲಿ ಕೂತು ಎರಡನೆಯದಕ್ಕೆ ಮುಖ ಬರೆದೆ. ಹುಬ್ಬು ನೆಟ್ಟಗಾಯಿತು. ಮೂರನೆಯದು ಮುಗುಳ್ನಕ್ಕಿತು. ಹತ್ತನೆಯದು ಹಸೆಮಣೆ ಏರಲು ಹೊರಟ ಮದುಮಗನ ಹಾಗಿತ್ತು. ಸಿಟ್ಟು ಬೇಕಾದಾಗ ಬರುವುದಿಲ್ಲ ನೋಡಿ. ಅಂಥ ಸೊಟ್ಟ ಹುಬ್ಬನ್ನು ನೂರು ಸಲ ಒಂದೇ ಸಮ ಬರೆಯುವ ಕೈ ನಾನು ಕಂಡಂತೆ ಒಂದೇ.

ಆರ್ಡರ್ ಒಂದು ನೆಪ. ನಿಜ ಹೇಳಬೇಕೆಂದರೆ ಪುಟ್ಟಸ್ವಾಮಿಯ ವಟವಟ ಇಲ್ಲದೆ ನನಗೆ ಷೆಡ್ಡು ಬೇಸರವಾಗಿ ಹೋಗಿತ್ತು, ಕಾಫಿ ಕೂಡ ರುಚಿಸುತ್ತಿರಲಿಲ್ಲ. "ಹೋಗಿ ಕೇಳಿದ್ರೆ ನಿಮ್ಮ ತಲೆ ಮೇಲಿನ ಕಿರೀಟ ಬಿದ್ದೋಯ್ತದಾ?" ಎಂದಳು ಗೌರಮ್ಮ. ಕಿರೀಟದ ಚಿಂತೆಯಲ್ಲ ನನ್ನದು. ಬೊಂಬೆಯಲ್ಲಿ ಅವನು ತನ್ನನ್ನು ಗುರುತು ಹಿಡಿದರೆ ಹನ್ನೊಂದು ತಿಂಗಳ ಮುನಿಸು ಜನ್ಮಕ್ಕೂ ಮುಗಿಯುವುದಿಲ್ಲ ಎಂಬ ಭಯ.

ಮಾರನೆಯ ಬೆಳಿಗ್ಗೆ ಬೊಂಬೆಯನ್ನು ಅವನ ಹಲಗೆಯ ಮೇಲಿಟ್ಟು, ಇಂಥದೇ ನೂರು ಮುಖ ಬೇಕಂತೆ ಎಂದು ಗೋಡೆಗೆ ಹೇಳಿದೆ. ಪುಟ್ಟಸ್ವಾಮಿ ಕನ್ನಡಕ ಹಾಕಿಕೊಂಡು, ಬೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಾಗಿಲು ಎಷ್ಟು ದೂರ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಸಿದ್ದ," ಎಂದ. ಗೋಡೆಗಲ್ಲ, ನನಗೆ. "ನಿನ್ ಮುಖಾನ ನೀನೇ ಎಷ್ಟು ಚೆನ್ನಾಗಿ ಮಾಡ್ಕಂಡಿದ್ದೀಯಲ್ಲ ಕಣ್ಲಾ. ತಪ್ಪಾಯ್ತು ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತು. ಇಷ್ಟೆಲ್ಲ ಯಾಕ್ ಮಾಡಕ್ಕೋದೆ?"

ಅವನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಕುಂಚ ಅದ್ದಿ, ಬೊಂಬೆಯ ಮೂಗಿನ ಎಡಕ್ಕೆ ಒಂದು ಕಪ್ಪು ಚುಕ್ಕೆ ಇಟ್ಟ. "ಇದೊಂದ ನೀನು ಮರ್ತ್ಬುಟ್ಟಿದ್ದೆ ನೋಡು." ನನ್ನ ಮೂಗಿನ ಎಡಕ್ಕೆ ಅಷ್ಟೇ ದಪ್ಪದ ಮಚ್ಚೆ ಇದೆ. ಇದು ನಾನಲ್ಲ, ನೀನು ಅನ್ನಲೆ? "ಹೂಂ ಕಣ್ಲಾ, ತಪ್ಪಾಯ್ತು" ಎಂದೆ. ಇಬ್ಬರೂ ಹೊರಗೆ ಹೋಗಿ ಕಾಫಿ ಕುಡಿದೆವು. ರುಚಿಯಾಗಿತ್ತು.

ಈಗ ಮಚ್ಚೆಯಿರುವ ನೂರು ಸಿದ್ದಪ್ಪಂದಿರು ಹೆದ್ದಾರಿಯ ಅಂಗಡಿಯಲ್ಲಿ ಸಾಲಾಗಿ ನಿಂತಿದ್ದಾರೆ. ಆ ಕಡೆ ಹೋದರೆ ಬಸ್ಸಿಳಿದ ಮಕ್ಕಳು ಬೊಂಬೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಅಮ್ಮನ ಸೆರಗು ಎಳೆಯುತ್ತವೆ. ಗೌರಮ್ಮ ಲೋಟಗಳ ಪಕ್ಕ ಒಂದನ್ನು ಕಾವಲಿಗೆ ಇಟ್ಟಿದ್ದಾಳೆ. ಬಿ.ಪಿ. ಇಳಿದಿದೆ, ಮೇಡಂಗೆ ಬಹಳ ಸಂತೋಷ. ಜೀವಮಾನವಿಡೀ ಮುಖ ಬರೆದ ಪುಟ್ಟಸ್ವಾಮಿಗೆ ತನ್ನ ಮುಖದ ಗುರುತು ನಿಜವಾಗಿ ಸಿಗಲಿಲ್ಲವೋ, ಅಥವಾ ಕಳ್ಳ ನನ್ನ ಮೇಲೆ ಸೇಡು ತೀರಿಸಿಕೊಂಡನೋ, ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಕೇಳಲು ಮುಖವೂ ಇಲ್ಲ ಅನ್ನಿ. ಆ ಕುದುರೆ ಈಗ ನಮ್ಮ ಮನೆಯಲ್ಲಿ, ಟಿ.ವಿ. ಪಕ್ಕದಲ್ಲಿದೆ. ಅದರ ಹಿಂದಿನ ಎಡಗಾಲಿನ ಕೆಳಗೆ ನಾಲ್ಕು ಮಡಿಕೆ ಮಡಿಸಿದ ಒಂದು ಬಸ್ ಟಿಕೆಟ್ ಇದೆ. ಅದನ್ನಿಟ್ಟವನು ನಾನೇ, ಜಗಳವಾದ ದಿನ ಸಂಜೆ, ಮನೆಗೆ ಬಂದು ಕೈಕಾಲು ತೊಳೆಯುವುದಕ್ಕೂ ಮುಂಚೆ.