ಉರಿಯದ ದೀಪ, ಬಾರದ ದೂರು ಮತ್ತು ಬರಿಗಣ್ಣಿನ ಆಕಾಶ

ಬೀದಿದೀಪ ನಿರ್ವಹಣಾ ಇಲಾಖೆ
ಸಂಖ್ಯೆ: ಬೀದೀನಿ/ಕತ್ತಲೆ/ಕಂಬ-೭/ಮರುಜ್ಞಾಪನ

ಸುತ್ತೋಲೆ

ವಿಷಯ: ಕಚೇರಿಯ ಹಿಂಬದಿ ಬೀದಿಯ ಏಳನೇ ಕಂಬದ ದೀಪ ಕೆಟ್ಟಿದ್ದರೂ ನಿವಾಸಿಗಳು ದೂರು ನೀಡದೆ, ದೂರದರ್ಶಕವೂ ಇಲ್ಲದೆ, ನಕ್ಷತ್ರ ನೋಡುತ್ತ ಮಲಗಿರುವ ಬಗ್ಗೆ.

ಉಲ್ಲೇಖ: ೧. ದೀಪ ಕೆಟ್ಟರೆ ದೂರು ಬಂದೇ ಬರುವುದೆಂಬ ಇಲಾಖೆಯ ನಂಬಿಕೆ.
೨. ಲೈನ್‌ಮನ್ ಅವರ ವಿವರಣೆ.

‘ಏಣಿಯಣ್ಣ’ ಎಂದೇ ಕರೆಯಲ್ಪಡುವ ಲೈನ್‌ಮನ್ ಅವರನ್ನು ಸದರಿ ದೀಪ ಸರಿಪಡಿಸಲು ಮೂರು ಬಾರಿ ಕಳುಹಿಸಲಾಗಿದ್ದು, ಮೂರು ಬಾರಿಯೂ ಹೊಸ ಬಲ್ಬು ಹೋದ ಹಾಗೆಯೇ ವಾಪಸು ಬಂದಿರುತ್ತದೆ. ಶನಿವಾರದೊಳಗೆ ದೀಪ ಉರಿಯದಿದ್ದಲ್ಲಿ ಅವರನ್ನು ಕಿಟಕಿಯಿಲ್ಲದ ನೆಲಮಾಳಿಗೆಯ ಉಗ್ರಾಣಕ್ಕೆ ವರ್ಗಾಯಿಸುವುದಾಗಿ ಎಚ್ಚರಿಸಲಾಗಿತ್ತು. ಅದಕ್ಕವರು ನೀಡಿದ ವಿವರಣೆಯನ್ನು ಯಥಾವತ್ತಾಗಿ ಕೊಡಲಾಗಿದೆ:

“ಏಣಿ ಹಾಕಿದ್ದು ನಿಜ ಸಾರ್, ನಾಕು ಮೆಟ್ಲು ಹತ್ತಿದ್ದೂ ನಿಜ. ಆ ಬೀದಿ ಟೈಲರ್ ಅಕ್ಕ ಮನೆ ಮುಂದೆ ಹಾಕ್ಕೊಂಡಿದ್ದ ಮಂಚದ ಮೇಲಿಂದ್ಲೇ ಕೂಗಿದ್ರು: ‘ಏಯ್ ಏಣಿಯಣ್ಣ, ಹಗಲೆಲ್ಲ ಸೂಜಿಗೆ ದಾರ ಪೋಣಿಸಿ ನನ್ ಕಣ್ಣು ಬತ್ತಿ ಹೋಗಿದೆ. ಈಗಷ್ಟೇ ಸೌಟಿನ ಹಾಗೆ ಏಳು ಚುಕ್ಕಿ ಸಿಕ್ತು, ಅದಕ್ಕೂ ಕಲ್ಲು ಹಾಕೋಕೆ ಬಂದ್ಯಾ? ಇಳಿಯೋ ಕೆಳಗೆ!’ ಇಳಿದೆ. ಇಳಿದು ತಲೆ ಎತ್ತಿ ನೋಡಿದೆ. ಇಷ್ಟು ವರ್ಷ ಕಂಬದ ತುದಿ ತನಕ ನೋಡಿದ್ದೇ ಹೊರತು, ಅದರಾಚೆ ನೋಡಿರ್ಲಿಲ್ಲ ಸಾರ್.”

ವಿವರಣೆ ತೃಪ್ತಿಕರವಾಗಿಲ್ಲ. ಆದರೂ, ಅಂತಿಮ ಕ್ರಮದವರೆಗೆ ಸದರಿ ಬೀದಿಯಲ್ಲಿ ಕೆಳಕಂಡ ನಿಯಮಗಳನ್ನು ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೧. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು ಇಪ್ಪತ್ತು ನಿಮಿಷ ಬೇಕಾಗುವುದೆಂದು ತಿಳಿದುಬಂದಿದ್ದು, ಅಲ್ಲಿಯವರೆಗೆ ಏನೂ ಕಾಣದಿದ್ದರೆ ಇಲಾಖೆ ಹೊಣೆಯಲ್ಲ. ನಡುವೆ ಮೊಬೈಲ್ ತೆಗೆದವರು ಮೊದಲಿನಿಂದ ಕಾಯತಕ್ಕದ್ದು. ಪಕ್ಕದವರ ಬೈಗುಳದಿಂದಲೇ ನೋಟಿಸು ಜಾರಿಯಾಗಿದೆಯೆಂದು ಭಾವಿಸುವುದು.

೨. ನಿಂತು ನೋಡಿ ಕತ್ತು ಉಳುಕಿಸಿಕೊಂಡವರಿಗೆ ವೈದ್ಯಕೀಯ ರಜೆ ಇರುವುದಿಲ್ಲ, ಮಲಗಿಯೇ ನೋಡತಕ್ಕದ್ದು. ಗೊರಕೆ ಹೊಡೆದವರ ಹಾಜರಿ ಹಾಕುವಂತಿಲ್ಲ.

೩. ಮಿನುಗುವವನ್ನು ನಕ್ಷತ್ರಗಳೆಂದೂ ಖಾಯಂ ನೌಕರರೆಂದೂ, ಮಿನುಗದೆ ಮೆಲ್ಲಗೆ ಜಾಗ ಬದಲಿಸುವವನ್ನು ಗ್ರಹಗಳೆಂದೂ ವರ್ಗಾವಣೆಗೆ ಒಳಪಟ್ಟವರೆಂದೂ ಪರಿಗಣಿಸುವುದು.

೪. ಸೌಟಿನ ಅಂಚಿನ ಎರಡು ಚುಕ್ಕಿಗಳ ನೇರಕ್ಕೆ ಹೋದರೆ ಸಿಗುವ ಧ್ರುವ ನಕ್ಷತ್ರವು ಅಜ್ಜನ ಕಾಲದಿಂದ ಒಂದೇ ಸ್ಥಳದಲ್ಲಿ ಬೀಡುಬಿಟ್ಟಿದ್ದು, ಇದರ ಹಿಂದೆ ಯಾರ ಶಿಫಾರಸಿದೆ ಎಂಬುದನ್ನು ಪರಿಶೀಲಿಸಲಾಗುತ್ತಿದೆ.

೫. ಉಲ್ಕೆಗಳು ಪೂರ್ವಾನುಮತಿ ಪಡೆಯದೆ ಕೆಳಗಿಳಿಯುತ್ತಿರುವುದು ಗಮನಕ್ಕೆ ಬಂದಿದೆ. ನೋಡಿದವರು “ಅಗೋ ಅಗೋ” ಎಂದು ಕೂಗದೆ, ಮೊದಲು ಮೇಲಧಿಕಾರಿಗೆ ತೋರಿಸಿ, ನಂತರ ತಾವು ನೋಡತಕ್ಕದ್ದು.

೬. ಇನ್ನು ಮುಂದೆ ದೂರಿಲ್ಲದೆ ದುರಸ್ತಿಯಿಲ್ಲ. ಒಂದು ದೂರಿಗಾದರೂ ಸಹಿ ಹಾಕಿಸಿಕೊಂಡೇ ಬರುವುದೆಂದು ಕೆಳಗೆ ಸಹಿ ಮಾಡಿರುವ ಎಂಜಿನಿಯರ್ ಖುದ್ದು ತೆರಳಿ, “ಕೂತ್ಕೊಂಡ್ರೆ ಏನ್ ಕಾಣುತ್ತೆ, ಮಲಕ್ಕೊಳ್ಳಿ ಸಾರ್. ಕನ್ನಡಕ ಇರ್ಲಿ, ಬಿಗುಮಾನ ತೆಗೆದಿಡಿ” ಎಂಬ ಟೈಲರ್ ಅಕ್ಕನವರ ಸೂಚನೆಯಂತೆ, ಮಂಚದ ಮೇಲೆ ಮಲಗಿ ಸ್ಥಳ ಪರಿಶೀಲನೆ ನಡೆಸಿರುತ್ತಾರೆ.

೭. ಪರಿಶೀಲನೆಯ ವೇಳೆ ಒಂದು ದೂರು ಸ್ವೀಕೃತವಾಗಿದೆ. ದೂರಿನ ಸಾರಾಂಶ: ಎಂಟನೇ ಕಂಬದ ದೀಪ ಉರಿಯುತ್ತಿದ್ದು, ಕಣ್ಣಿಗೆ ಹೊಡೆಯುತ್ತಿದೆ. ದೂರುದಾರರು: ಕೆಳಗೆ ಸಹಿ ಮಾಡಿರುವವರು.

೮. ಆದಕಾರಣ, ಬೆಳಕು ನೆಲಕ್ಕಷ್ಟೇ ಬೀಳುವಂತೆ ಬೀದಿಯ ಎಲ್ಲ ದೀಪಗಳಿಗೂ ತಗಡಿನ ಮುಸುಕು ತೊಡಿಸತಕ್ಕದ್ದು. ಎಂಟನೆಯದರಿಂದ ಆರಂಭಿಸಿ ಏಳನೆಯದನ್ನು ಕೊನೆಗೆ ಕೈಗೆತ್ತಿಕೊಳ್ಳುವುದು. ಏಣಿ ಹತ್ತಲು ಇಲಾಖೆಯಲ್ಲಿ ಬೇರೆ ಗತಿಯಿಲ್ಲದ ಕಾರಣ ಏಣಿಯಣ್ಣನವರ ವರ್ಗಾವಣೆಯನ್ನು ರದ್ದುಪಡಿಸಲಾಗಿದೆ.

ಸಹಿ/-
(ಮಲಗಿಕೊಂಡು ಮಾಡಿದ್ದರಿಂದ ವಾರೆಯಾಗಿದೆ)
ಎಂಜಿನಿಯರ್

ಪ್ರತಿಗಳು:
೧. ಏಣಿಯಣ್ಣನವರಿಗೆ, ಸೂಕ್ತ ಕ್ರಮಕ್ಕಾಗಿ. ಅವಸರವಿಲ್ಲ.
೨. ಉಗ್ರಾಣದ ಮೇಲ್ವಿಚಾರಕರಿಗೆ, ಹೊಸಬರಿಗೆಂದು ಒರೆಸಿಟ್ಟ ಕುರ್ಚಿಯಲ್ಲಿ ತಾವೇ ಕೂರುವಂತೆ ಕೋರಿ.
೩. ಎಂಜಿನಿಯರ್ ಅವರ ಶ್ರೀಮತಿಯವರಿಗೆ, ಊಟಕ್ಕೆ ಕಾಯದೆ, ಒಂದು ಚಾಪೆ ಹಿಡಿದುಕೊಂಡು ಸ್ಥಳಕ್ಕೆ ಬರುವಂತೆ ಕೋರಿ.