ಮೂರು ಬಾಯಿ ದಾಟಿ ಬಂದ ಸಿನಿಮಾ

ಸಿನಿಮಾ ನೋಡಲು ಕಣ್ಣು, ಕಿವಿ ಇದ್ದರೆ ಸಾಕು ಎಂದು ನಂಬಿರುವವರು ಕೆ.ಜಿ.ಎಫ್.ನ ಉರಿಗಾಂನಲ್ಲಿದ್ದ ನಮ್ಮ ಮನೆಗೆ ಭಾನುವಾರ ಮಧ್ಯಾಹ್ನ ಒಮ್ಮೆಯೂ ಬಂದವರಲ್ಲ. ಅಲ್ಲಿ ನಾನು ವರ್ಷಗಟ್ಟಲೆ ಸಿನಿಮಾ ನೋಡಿದ್ದು ಬಾಯಿಯಿಂದ. ಹೀಗೆ ಹೇಳಿದರೆ ನನ್ನ ಹೆಂಡತಿ ರತ್ನ, ವರ್ಷಗಟ್ಟಲೆ ಎಲ್ಲಿ ಬಂತು, ಟೀವಿ ತಂದು ಸ್ವಲ್ಪ ಕಾಲಕ್ಕೇ ನಾವು ಆ ಮನೆ ಬಿಟ್ಟೆವಲ್ಲ ಎನ್ನುತ್ತಾಳೆ. ಇರಬಹುದು. ನಾನು ದಿನಚರಿ ಬರೆಯುವವನು, ಆದರೆ ಅದನ್ನು ನಂಬುವವನಲ್ಲ. ಬರೆದವನ ಪರಿಚಯ ನನಗೆ ಚೆನ್ನಾಗಿಯೇ ಇದೆ. ಆ ಭಾನುವಾರಗಳ ಬಗ್ಗೆ ಅವನು ಸಾಮಾನ್ಯವಾಗಿ ಬರೆದಿರುವುದು ಇಷ್ಟೇ: ‘ಗದ್ದಲ. ತಲೆನೋವು.’ ಈಗ ಯೋಚಿಸಿದರೆ ಗದ್ದಲ ನೆನಪಿದೆ, ತಲೆನೋವು ನೆನಪಿಲ್ಲ.

ನಾನು ದಾವಣಗೆರೆ ಕಡೆಯವನು. ಎಂ.ಎ. ಮುಗಿಸಿ ಕೆ.ಜಿ.ಎಫ್.ನ ಒಂದು ಕಾರ್ಖಾನೆಯ ಕಚೇರಿಗೆ ಕೆಲಸಕ್ಕೆ ಸೇರಿದೆ. ಸೇರಿದ ಮೇಲೆ ಬಂಗಾರಪೇಟೆ ಪಕ್ಕದ ಹಳ್ಳಿಯ ಹುಡುಗಿಯನ್ನು ಮದುವೆಯಾದೆ. ಎರಡೂ ಮನೆಯವರದು ಕನ್ನಡವೇ ಆದ್ದರಿಂದ ತೊಂದರೆಯೇನೂ ಇರದು ಎಂದುಕೊಂಡಿದ್ದೆ. ತೊಂದರೆ ಶುರುವಾದದ್ದು ಊಟದ ಎಲೆಯ ಮುಂದೆ. ಮೊದಲ ದಿನ ನಾನು ರಾಗಿ ಮುದ್ದೆಯನ್ನು ರೊಟ್ಟಿಯಂತೆ ಅಗಿದೆ. ನುಂಗುವುದನ್ನು ಅಗಿಯುವ ಅಳಿಯನನ್ನು ನೋಡಲು ಅಡುಗೆಮನೆಯ ಬಾಗಿಲಲ್ಲಿ ಹೆಂಗಸರೆಲ್ಲ ನೆರೆದರು. ಅದೂ ಹೋಗಲಿ. ನಮ್ಮ ಕಡೆ ಉಣ್ಣುವವನು ಸಾಕು ಎನ್ನಬೇಕು, ಬಡಿಸುವವರು ಕೇಳಿಸಿಕೊಳ್ಳಬಾರದು. ಎರಡು ಸಲ ಎಲೆಗೆ ಅಡ್ಡ ಕೈ ಹಿಡಿದು ಮೂರನೆಯ ಸಲ ಸೋತಂತೆ ಕೈ ತೆಗೆಯಬೇಕು. ನಮ್ಮ ಅತ್ತೆ ಮುನಿಯಮ್ಮನವರ ಬಳಿ ಈ ಆಟವಿಲ್ಲ. ನಾನು ಸಾಕು ಎಂದೆ. ಅವರು ಪಾತ್ರೆಗೆ ಮುಚ್ಚಳ ಹಾಕಿ ಒಳಗಿಟ್ಟರು. ಅಂದಿನಿಂದ ಅತ್ತೆಯ ಮನೆಯಿಂದ ನಾನು ಹೊಟ್ಟೆ ತುಂಬಿಸಿಕೊಂಡು ಎದ್ದದ್ದೇ ಇಲ್ಲ. ಬಾಯಿಬಿಟ್ಟು ಕೇಳಲು ಮರ್ಯಾದೆ ಅಡ್ಡ ಬರುತ್ತಿತ್ತು. ಹಿಂತಿರುಗುವಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎರಡು ವಡೆ ತಿಂದು ರೈಲು ಹತ್ತುವುದು ನನ್ನ ಗುಟ್ಟಿನ ಅಭ್ಯಾಸವಾಗಿತ್ತು.

ಇನ್ನು ಟೀವಿಯ ವಿಷಯ. ಆಗ ಭಾನುವಾರ ಮಧ್ಯಾಹ್ನ ವಾರಕ್ಕೊಂದು ರಾಜ್ಯದಂತೆ ಆಯಾ ಭಾಷೆಯ ಪ್ರಶಸ್ತಿ ಪಡೆದ ಸಿನಿಮಾ ಬರುತ್ತಿತ್ತು, ಕೆಳಗೆ ಇಂಗ್ಲಿಷ್ ಸಾಲುಗಳು. ದೇಶದ ಜನ ಒಬ್ಬರನ್ನೊಬ್ಬರು ಅರಿಯಲಿ ಎಂಬ ಉದಾತ್ತ ಉದ್ದೇಶ. ನಾನು ಟೀವಿ ಕೊಂಡದ್ದೂ ಇದೇ ಉದಾತ್ತ ಉದ್ದೇಶದಿಂದ. ಆದರೆ ಬೀದಿಯಲ್ಲಿ ಟೀವಿ ನಮ್ಮದೊಂದೇ. ಹಿಂದಿನ ಗಣಿ ಕಾರ್ಮಿಕರ ಲೈನ್ ಮನೆಗಳಿಂದ ಸೆಲ್ವಮ್ಮ ತನ್ನ ಅತ್ತೆ, ನಾದಿನಿ, ನೆರೆಹೊರೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದಳು. ಅವರೆಲ್ಲ ತಮಿಳರು. ಮನೆ ಮಾಲೀಕರ ತಾಯಿ ನರಸಮ್ಮಜ್ಜಿ ಬರುತ್ತಿದ್ದರು. ಅವರಿಗೆ ತೆಲುಗು ಬಿಟ್ಟು ಬೇರೆ ಬಾರದು, ಬಂದರೂ ಬಾರದೆಂದೇ ಹೇಳುತ್ತಿದ್ದರು. ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಮೊಸರಿನ ಕ್ಯಾನು ಹಿಡಿದು ನಮ್ಮ ಅತ್ತೆಯೂ ಬರುತ್ತಿದ್ದರು. ಮಗಳನ್ನು ನೋಡಲು ಎಂದು ಹೇಳುತ್ತಿದ್ದರು. ಆದರೆ ಸಿನಿಮಾ ಇಲ್ಲದ ವಾರ ಮಗಳ ನೆನಪು ಅಷ್ಟಾಗಿ ಕಾಡುತ್ತಿರಲಿಲ್ಲ.

ಇಷ್ಟು ಜನರಲ್ಲಿ ಇಂಗ್ಲಿಷ್ ಸಾಲುಗಳನ್ನು ಸರಸರನೆ ಓದಬಲ್ಲವನು ನಾನೊಬ್ಬನೇ. ನಾನು ಓದಿ ಕನ್ನಡದಲ್ಲಿ ಹೇಳಬೇಕು. ಅದನ್ನು ಸೆಲ್ವಮ್ಮ ತಮಿಳಿಗೆ ತಿರುಗಿಸಿ ತನ್ನ ಚಾಪೆಗೆ ತಲುಪಿಸಬೇಕು. ಅತ್ತೆ ತೆಲುಗಿಗೆ ತಿರುಗಿಸಿ ನರಸಮ್ಮಜ್ಜಿಯ ಕಿವಿಗೆ ಹಾಕಬೇಕು. ಅಷ್ಟರಲ್ಲಿ ಸಿನಿಮಾ ಎರಡು ದೃಶ್ಯ ಮುಂದೆ ಹೋಗಿರುತ್ತಿತ್ತು. ನಗುವ ಮಾತೊಂದು ಬಂದರೆ ನಮ್ಮ ಮನೆಯಲ್ಲಿ ನಗು ಕಂತಿನಲ್ಲಿ ಬರುತ್ತಿತ್ತು: ಮೊದಲು ರತ್ನ, ಆಮೇಲೆ ತಮಿಳು ಚಾಪೆ, ಕೊನೆಗೆ ತೆರೆಯ ಮೇಲೆ ಯಾರದೋ ಹೆಣ ಎತ್ತುತ್ತಿರುವಾಗ ನರಸಮ್ಮಜ್ಜಿ. ಇದರ ಜೊತೆಗೆ ನಮ್ಮ ಟೀವಿಯ ಕೆಳ ಅಂಚು ಬಾಗಿತ್ತು. ಇಂಗ್ಲಿಷಿನ ಎರಡನೆಯ ಸಾಲು ಮರದ ಚೌಕಟ್ಟಿನೊಳಗೆ ಅಡಗಿಬಿಡುತ್ತಿತ್ತು. ಆ ಸಾಲನ್ನು ನಾನು ವಿಶ್ವವಿದ್ಯಾಲಯದ ವಿದ್ಯಾಭ್ಯಾಸದ ಬಲದಿಂದ ಊಹಿಸುತ್ತಿದ್ದೆ. ಊಹೆ ತಪ್ಪಿದಾಗ ಸೆಲ್ವಮ್ಮ ಪಾತ್ರಧಾರಿಯ ಮುಖ ನೋಡಿಯೇ ಹಿಡಿಯುತ್ತಿದ್ದಳು. “ಇಲ್ಲ ಸಾರ್, ಆ ಮೂತಿ ನೋಡಿ. ಅದು ಒಳ್ಳೇ ಮಾತು ಹೇಳೋ ಮೂತಿನಾ?”

ಇದೆಲ್ಲವನ್ನೂ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಭಾವೈಕ್ಯದ ಒಂದು ಸಮಾರಂಭ ಬಂತು. ಎಂ.ಎ. ಓದಿದವನು ಎಂಬ ಅಪರಾಧಕ್ಕಾಗಿ ನನ್ನನ್ನು ಭಾಷಣಕ್ಕೆ ಹಾಕಿದರು. ವಿಷಯ: ನಮ್ಮ ಸಿನಿಮಾಗಳಲ್ಲಿ ವಿವಿಧ ಸಂಸ್ಕೃತಿಗಳ ಪರಸ್ಪರ ತಿಳಿವಳಿಕೆ. ವೇದಿಕೆಯ ಮೇಲೆ ನಮ್ಮ ದೊಡ್ಡ ಸಾಹೇಬರು. ಅವರು ಅಸ್ಸಾಮಿನವರು, ಮಿತಭಾಷಿ, ತಪ್ಪು ಕಂಡರೆ ಕನ್ನಡಕ ತೆಗೆದು ಒರೆಸುವವರು; ಆ ಒರೆಸಾಟ ಕಂಡ ಗುಮಾಸ್ತರು ಆಮೇಲೆ ಮೇಲೇಳುತ್ತಿರಲಿಲ್ಲ. ಸಮಾರಂಭದ ಹಿಂದಿನ ಭಾನುವಾರದ ಸಿನಿಮಾ ಅವರದೇ ಭಾಷೆಯದು. ಅದನ್ನೇ ಕುರಿತು ಮಾತಾಡುತ್ತೇನೆ ಎಂದು ನಾನು ಹೆಮ್ಮೆಯಿಂದ ಮೊದಲೇ ಹೇಳಿಬಿಟ್ಟಿದ್ದೆ. ಇನ್ನು ಊಹೆ ನಡೆಯುವಂತಿರಲಿಲ್ಲ. ಒಂದೇ ಒಂದು ಸಿನಿಮಾವನ್ನು ನಾನು ನೆಟ್ಟಗೆ, ಮೊದಲಿನಿಂದ ಕೊನೆಯವರೆಗೆ ನೋಡಲೇಬೇಕಿತ್ತು.

ಆ ಭಾನುವಾರ ಎಲ್ಲರೂ ಕೂತ ಮೇಲೆ ಎದ್ದು ನಿಂತು ವಿನಂತಿಸಿಕೊಂಡೆ. ಪರಸ್ಪರ ತಿಳಿವಳಿಕೆಯ ಬಗ್ಗೆ ನಾನು ಭಾಷಣ ಮಾಡಬೇಕಾಗಿರುವುದರಿಂದ ಇವತ್ತೊಂದು ದಿನ ದಯವಿಟ್ಟು ಯಾರೂ ಯಾರಿಗೂ ಏನನ್ನೂ ತಿಳಿಸಬಾರದು. ಈ ವಾಕ್ಯದಲ್ಲಿ ಏನೋ ಎಡವಟ್ಟಿದೆ ಎಂದು ಆಗಲೇ ಅನ್ನಿಸಿತ್ತೋ, ಈಗ ಬರೆಯುವಾಗ ಅನ್ನಿಸುತ್ತಿದೆಯೋ ಹೇಳಲಾರೆ. ಎಲ್ಲರೂ ತಕ್ಷಣ ಒಪ್ಪಿದರು. ಸೆಲ್ವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನರಸಮ್ಮಜ್ಜಿ “ಏಮಂಟಾಡು?” ಎಂದು, ನಾನು ಹೇಳಿದ್ದು ಏನೆಂದು, ಕೇಳಿದರು. ಅತ್ತೆ ಅವರ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಾಗಿಸಿದರು.

ಕಥೆ ಸರಳವಾಗಿಯೇ ಇತ್ತು. ಬಯಲು ಪ್ರದೇಶದ ಒಬ್ಬ ಮೇಷ್ಟ್ರು ಗುಡ್ಡದ ಹಳ್ಳಿಗೆ ಬಂದು ಒಬ್ಬ ಮುದುಕಿಯ ಮನೆಯಲ್ಲಿ ಉಳಿಯುತ್ತಾನೆ. ಅವಳ ಮಾತು ಇವನಿಗೆ ತಿಳಿಯದು, ಇವನದು ಅವಳಿಗೆ. ಇತ್ತ ನಮ್ಮ ಮನೆಯಲ್ಲಿ ಸಾವಾದಂತೆ ಎಲ್ಲರೂ ಬಿಮ್ಮನೆ ಕೂತಿದ್ದರು. ಇಂಗ್ಲಿಷ್ ಸಾಲುಗಳು ಬಂದವು, ಹೋದವು. ಬಿಳಿ ಅಕ್ಷರಗಳು ಮೇಷ್ಟ್ರ ಬಿಳಿ ಪಂಚೆಯ ಮೇಲೆ ಬಿದ್ದು ಮಾಯವಾದವು. ಗಟ್ಟಿಯಾಗಿ ಓದುವ ಅಭ್ಯಾಸವಾಗಿದ್ದವನಿಗೆ ಮನಸ್ಸಿನಲ್ಲಿ ಓದಿದ್ದು ನಿಲ್ಲುತ್ತಲೇ ಇಲ್ಲ. ಆಮೇಲೆ ಒಂದು ಸಂಜೆ, ಮೇಷ್ಟ್ರು ಒಲೆಯ ಮುಂದೆ ಕೂತಿದ್ದಾನೆ. ಮುದುಕಿ ಗಡಿಗೆಯ ಮುಚ್ಚಳ ತೆಗೆದಳು, ಒಳಗೆ ನೋಡಿದಳು, ಅವನ ಮುಖ ನೋಡಿದಳು, ಮುಚ್ಚಳ ಮುಚ್ಚಿದಳು. ಯಾರೂ ಮಾತಾಡಲಿಲ್ಲ, ಕೆಳಗೆ ಸಾಲೂ ಇಲ್ಲ. ಕ್ಯಾಮರಾ ಮಾತ್ರ ಆ ಮುಚ್ಚಳವನ್ನೇ ನೋಡುತ್ತಾ ನಿಂತುಬಿಟ್ಟಿತು. ನನಗೆ ತಡೆಯಲಾಗಲಿಲ್ಲ. “ಯಾಕೆ ಮುಚ್ಚಿದಳು?” ಎಂದು ಬಾಯಿಬಿಟ್ಟೆ.

ಕಟ್ಟೆ ಒಡೆಯಿತು. ಅನ್ನ ಬೆಂದಿಲ್ಲ ಎಂದಳು ರತ್ನ. ಬೆಂದಿದೆ, ಹಬೆ ನೋಡಿ ಸಾರ್, ಎಂದಳು ಸೆಲ್ವಮ್ಮ. ಅವಳ ಚಾಪೆಯಲ್ಲಿ ಈ ಬಗ್ಗೆ ಎರಡು ಪಕ್ಷವಾಯಿತು. ಎಲ್ಲರ ವಾದ ಮುಗಿದ ಮೇಲೆ ಅತ್ತೆ, ತೆರೆಯಿಂದ ಕಣ್ಣು ತೆಗೆಯದೆ, ನಿಧಾನವಾಗಿ ಹೇಳಿದರು:

“ಅನ್ನ ಬೆಂದೈತಪ್ಪ. ಅವ್ನು ಕೇಳ್ಲಿ ಅಂತ ಮುಚ್ಚವ್ಳೆ. ಬಾಯ್ಬಿಟ್ಟು ಕೇಳುದ್ರೆ ಮಗ, ಕೇಳ್ದಿದ್ರೆ ನೆಂಟ. ಆಯಮ್ಮ ಎಷ್ಟು ದಿನದಿಂದ ಕಾಯ್ತಾವ್ಳೋ ಏನೋ, ಪಾಪ.”

ಆಮೇಲೆ ಅದನ್ನೇ ತೆಲುಗಿನಲ್ಲಿ ನರಸಮ್ಮಜ್ಜಿಗೆ ಹೇಳಿದರು. ಅಜ್ಜಿ ನನ್ನ ಕಡೆ ತಿರುಗಿ ಒಂದು ಸಲ ನೋಡಿದರು. ಯಾಕೆ ನೋಡಿದರೆಂದು ನನಗೆ ಹೊಳೆಯಲಿಲ್ಲ. ಉಳಿದ ಸಿನಿಮಾವಿಡೀ ಎಂದಿನಂತೆ ಸಂತೆಯೇ. ಕೊನೆಗೆ ಆ ಮೇಷ್ಟ್ರು ಕೇಳಿ ಉಂಡನೋ, ಹಾಗೇ ಊರು ಬಿಟ್ಟನೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಸಿಡುಕಿಕೊಂಡು ಟೀವಿ ಆರಿಸಿದೆ.

ಭಾಷಣದ ದಿನ ನನ್ನ ಬಳಿ ಇದ್ದದ್ದು ಆ ಮುಚ್ಚಳವೊಂದೇ. ಅದನ್ನೇ ಹಿಡಿದು ಮಾತಾಡಿದೆ. ಎರಡು ಸಂಸ್ಕೃತಿಗಳ ನಡುವೆ ಭಾಷೆಗಿಂತ ದೊಡ್ಡ ಗೋಡೆಯೆಂದರೆ ಸಂಕೋಚ, ಬಾಯಿಬಿಟ್ಟು ಕೇಳಿದವನು ಮಗ, ಕೇಳದವನು ನೆಂಟ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಕನ್ನಡಕ ತೆಗೆದರು. ಅವರು ಗಾಜನ್ನು ಒರೆಸಲಿಲ್ಲ, ಕಣ್ಣನ್ನು ಒರೆಸಿಕೊಂಡರು. ಆಮೇಲೆ ಚಹಾ ಕುಡಿಯುವಾಗ ಹತ್ತಿರ ಬಂದು, ಆ ಚಿತ್ರವನ್ನು ನನ್ನ ಭಾಷೆಯಲ್ಲೇ ಮೂರು ಸಲ ನೋಡಿದ್ದೇನೆ, ಮುದುಕಿ ಅನ್ನ ಬೆಂದಿದೆಯೇ ಎಂದು ನೋಡುತ್ತಿದ್ದಾಳೆ ಎಂದೇ ತಿಳಿದಿದ್ದೆ, ನೀವು ಬಹಳ ಆಳವಾಗಿ ಅಭ್ಯಾಸ ಮಾಡಿದ್ದೀರಿ ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಅತ್ತೆಯ ಹೆಸರು ಹೇಳಲು ಅದು ಸಂದರ್ಭವಲ್ಲ ಎನ್ನಿಸಿತು.

ಮನೆಗೆ ಬಂದು ರತ್ನಳಿಗೆ ಎಲ್ಲವನ್ನೂ ವರ್ಣಿಸಿದೆ. ನಿಮ್ಮಮ್ಮನಿಗೆ ಅಸ್ಸಾಮಿನ ಮುದುಕಿಯ ಮನಸ್ಸು ಅಷ್ಟು ಚೆನ್ನಾಗಿ ಹೇಗೆ ತಿಳಿಯಿತು, ಆಶ್ಚರ್ಯ ಎಂದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: “ಅಮ್ಮ ಸಿನಿಮಾ ಕಥೆ ಎಲ್ಲಿ ಹೇಳಿದ್ಲು ರೀ? ನಿಮ್ಮ ಕಥೆ ಹೇಳಿದ್ದು. ಮದುವೆ ಆದಾಗಿಂದ ಇದೇ ಅಲ್ವಾ ಅವಳ ಕೊರಗು? ಅಳಿಯ ಸಾಕು ಅಂತ ಎದ್ದೋಗಿ ಸ್ಟೇಷನ್ನಾಗೆ ವಡೆ ತಿಂತಾನಂತೆ, ಊರೆಲ್ಲ ನೋಡವ್ರೆ ಅಂತ.”

ಮುಂದಿನ ಭಾನುವಾರ ಅತ್ತೆ ಬಂದರು. ಸಿನಿಮಾ ಶುರುವಾಗುವ ಹೊತ್ತಿಗೆ ಊಟ ಇನ್ನೂ ನಡೆದಿತ್ತು. ಜನ ತುಂಬಿದ್ದರು. ನಾನು ತಟ್ಟೆ ಹಿಡಿದುಕೊಂಡೇ ಹೋಗಿ, ಎದೆ ಗಟ್ಟಿ ಮಾಡಿಕೊಂಡು, ಸಂಸ್ಕೃತಿಗಳ ನಡುವಿನ ಆ ಮಹಾ ಗೋಡೆಯನ್ನು ಒಡೆಯುವ ಗಂಭೀರ ಧ್ವನಿಯಲ್ಲಿ, “ಅತ್ತೆ, ಇನ್ನೊಂದು ಮುದ್ದೆ ಹಾಕಿ” ಎಂದೆ.

ಅತ್ತೆ ತೆರೆಯಿಂದ ಕಣ್ಣು ತೆಗೆಯಲಿಲ್ಲ. “ಒಳಗೈತೆ, ಓಗಿ ಇಕ್ಕೊಳ್ಳಪ್ಪ. ಬಿರ್ರನೆ ಬಾ, ಅಲ್ಲೇನೋ ಅಂತಾವ್ನೆ, ಓದೋರಿಲ್ಲ.”