ಟೀಪಾಯಿ ಬಳಿ ನಿಂತು ಅತ್ತೆಗೆ ನಮಸ್ಕಾರ

ನನ್ನ ಹೆಂಡತಿ ನೆಸ್ಟಾಳ ಹತ್ತಿರ ಎರಡು ಕುದುರೆಗಳಿವೆ. ಒಂದರ ಹೆಸರು ಮಸ್ಟರ್ಡ್. ವಯಸ್ಸು ಇಪ್ಪತ್ತೆರಡು, ನಾಲ್ಕು ಕಾಲು, ವಾಸ ಲಾಯದಲ್ಲಿ. ಇನ್ನೊಂದರ ಹೆಸರು ನಾರ್ಮನ್. ವಯಸ್ಸು ಅರವತ್ತೊಂದು, ಎರಡೇ ಕಾಲು (ಅದರಲ್ಲೂ ಎಡಮಂಡಿ ಲೆಕ್ಕಕ್ಕಿಲ್ಲ), ವಾಸ ಇಂಗ್ಲೆಂಡಿನ ಶ್ರಾಪ್‌ಶೈರಿನ ನಮ್ಮ ಮನೆಯ ಹಜಾರದಲ್ಲಿ. ಆ ಎರಡನೆಯ ಕುದುರೆ ನಾನೇ.

ತಪ್ಪೂ ನನ್ನದೇ. ಡ್ರೆಸಾಜ್ ಎಂಬುದು ಕುದುರೆಯ ಮೇಲೆ ಕೂತು ಕೊಡುವ ಪರೀಕ್ಷೆ. ಉದ್ದನೆಯ ಅಂಗಳ, ಅದರ ಸುತ್ತ ಎಂಟು ಅಕ್ಷರದ ಹಲಗೆಗಳು. ಇಲ್ಲಿಂದ ಅಲ್ಲಿಗೆ ಕುಕ್ಕುಲೋಟ, ಇಲ್ಲೊಂದು ಸುತ್ತು, ನಡುವೆ ನಿಂತು ನಮಸ್ಕಾರ ಎಂದೆಲ್ಲ ಒಂದು ಹಾಳೆಯಲ್ಲಿ ಅಚ್ಚಾಗಿರುತ್ತದೆ. ಅದನ್ನು ಉರು ಹೊಡೆಯಬೇಕು. ಅಕ್ಷರಗಳಾದರೂ ವರಸೆಯಾಗಿವೆಯೇ? ಎ ಆದ ಮೇಲೆ ಕೆ, ಕೆ ಆದ ಮೇಲೆ ಇ. ಯಾವ ಪುಣ್ಯಾತ್ಮ ಜೋಡಿಸಿದನೋ, ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ದಾರಿ ತಪ್ಪಿದರೆ, ಎದುರಿಗೆ ಕಾರಿನಲ್ಲಿ ಕೂತ ತೀರ್ಪುಗಾರರು ಹಾರನ್ ಹೊಡೆದು ಅಂಕ ಕಳೆಯುತ್ತಾರೆ. ನೆಸ್ಟಾ ಸತತ ಮೂರು ವರ್ಷ ಹಾರನ್ ಹೊಡೆಸಿಕೊಂಡು ಬಂದಿದ್ದಳು.

ಮಸ್ಟರ್ಡ್‌ನ ಕೀಲು ಸವೆದಿದೆ, ಸ್ಪರ್ಧೆಗೆ ಈ ಬೇಸಿಗೆಯೇ ಕೊನೆ ಎಂದು ಡಾಕ್ಟರು ಹೇಳಿದ ದಿನ ಅವಳು ಟೀ ಕಪ್ಪು ಹಿಡಿದು ಕೂತಿದ್ದಳು.

"ಅವನ ಹೆಸರಲ್ಲಿ ಒಂದೇ ಒಂದು ಬಹುಮಾನದ ರಿಬ್ಬನ್ ಸಾಕಾಗಿತ್ತು ನಾರ್ಮನ್. ಹನ್ನೆರಡು ವರ್ಷ ನನ್ನ ಹೊತ್ತಿದಾನೆ. ಮರೆಯೋಳು ನಾನು, ಸೋಲೋನು ಅವನು."

ಹೆಂಡತಿ ಹೀಗೆ ಅಂದಾಗ ಗಂಡಸು ಬಾಯಿ ಬಿಡಬಾರದು, ನಾನು ಬಿಟ್ಟೆ. ಮೂವತ್ತೈದು ವರ್ಷ ಭೂಗೋಳ ಪಾಠ ಮಾಡಿದ ನನಗೆ ಜಗತ್ತಿನ ನದಿಗಳೆಲ್ಲ ನಾಲಿಗೆಯ ತುದಿಯಲ್ಲಿವೆ, ಎಂಟು ಅಕ್ಷರ ಯಾವ ಮಹಾ ಎಂದು ಕೊಚ್ಚಿಕೊಂಡೆ. ಅಕ್ಷರ ಬಿಟ್ಟುಬಿಡು, ಹಜಾರವನ್ನೇ ಅಂಗಳ ಅಂದುಕೋ ಎಂಬ ದಿವ್ಯೋಪದೇಶವನ್ನೂ ಮಾಡಿದೆ. ಎ ಇರುವಲ್ಲಿ ಬಾಗಿಲು, ಕೆ ಸೋಫಾ, ಇ ಗೋಡೆ ಗಡಿಯಾರ, ಬಿ ಮೀನಿನ ತೊಟ್ಟಿ, ಎಂ ಪುಸ್ತಕದ ಕಪಾಟು, ನಟ್ಟನಡುವೆ ಟೀಪಾಯಿ. ತೀರ್ಪುಗಾರರು ಕೂರುವ ಜಾಗದಲ್ಲಿ ನಮ್ಮ ಅತ್ತೆಯವರ ಫೋಟೊ ತೂಗುಹಾಕಿತ್ತು. (ಬದುಕಿದ್ದಾಗಲೂ ಅವರು ಅದೇ ಜಾಗದಿಂದ ನನಗೆ ಅಂಕ ಹಾಕುತ್ತಿದ್ದರು.)

ಬರೀ ನಡೆದರೆ ತಲೆಗೆ ಹತ್ತುವುದಿಲ್ಲ, ಮುಂದೊಂದು ಕುದುರೆ ಬೇಕು ಎಂದಳು ನೆಸ್ಟಾ. ಸ್ನಾನದ ನಿಲುವಂಗಿಯ ದಾರ ಲಗಾಮಾಗಿ ನನ್ನ ಹೆಗಲಿಗೆ ಬಿತ್ತು. ಮೂರು ವಾರ ಬೆಳಿಗ್ಗೆ ಸಂಜೆ ಕುಕ್ಕುಲೋಟ ಓಡಿದೆ. ದಿನಕ್ಕೆ ನಾಲ್ಕು ಬಾರಿ ಟೀಪಾಯಿ ಬಳಿ ನಿಂತು ಅತ್ತೆಯ ಫೋಟೊಗೆ ತಲೆ ಬಾಗಿದೆ. ಅವರು ಜೀವಂತ ಇದ್ದಾಗ ಇಷ್ಟು ಬಾಗಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು. ಜ್ಯಾಮ್ ಕೊಡಲು ಬಂದ ಪಕ್ಕದ ಮನೆಯ ಮಿಸೆಸ್ ಪಾರ್ಜಿಟರ್ ಕಿಟಕಿಯಿಂದ ಇಣುಕಿ, ಬಾಟಲಿಯನ್ನು ಹೊಸ್ತಿಲ ಮೇಲಿಟ್ಟು ಸದ್ದಿಲ್ಲದೆ ಹೋದರು. ಆದರೆ ನೆಸ್ಟಾ ಒಂದು ಹೆಜ್ಜೆಯೂ ತಪ್ಪದೆ ಕಲಿತಳು.

ಸ್ಪರ್ಧೆಯ ದಿನ ಜಿಟಿಜಿಟಿ ಮಳೆ. ಮಸ್ಟರ್ಡ್‌ಗೆ ಜಡೆ ಹೆಣೆದು, ಮೈ ತಿಕ್ಕಿ, ಚಪ್ಪಟೆ ಅಂಗೈಯಲ್ಲಿ ಪೆಪ್ಪರ್‌ಮೆಂಟು ತಿನ್ನಿಸಿ, ಮದುಮಗನಂತೆ ನಿಲ್ಲಿಸಿದ್ದಳು. ಸರದಿ ಬಂದಾಗ ಅವಳ ಮುಖ ಬಿಳಿಚಿಕೊಂಡಿತು.

"ಎಲ್ಲಾ ಹೋಯ್ತು ನಾರ್ಮನ್. ತಲೇಲಿ ಏನೂ ಇಲ್ಲ. ನೀನೇ ಕೂಗಿ ಹೇಳು."

ಪಕ್ಕದಲ್ಲಿ ನಿಂತು ಹಾಳೆ ಓದಿ ಹೇಳಲು ನಿಯಮದಲ್ಲಿ ಅವಕಾಶವಿದೆ. ಹಾಳೆ ತೆಗೆದೆ. ಕನ್ನಡಕಕ್ಕೆ ಜೇಬು ತಡಕಿದೆ. ಅದು ಮನೆಯಲ್ಲಿ, ಮೀನಿನ ತೊಟ್ಟಿಯ ಮೇಲಿತ್ತು. ಹೋಗಲಿ, ಬಾಯಿಪಾಠವೇ ಇದೆಯಲ್ಲ ಎಂದು ಅಂಗಳದ ಕಡೆ ತಿರುಗಿದರೆ, ಹಲಗೆಗಳ ಮೇಲಿನ ಒಂದು ಅಕ್ಷರವೂ ನನ್ನ ಗುರುತು ಹಿಡಿಯಲಿಲ್ಲ. ಅಮೆಜಾನ್ ನದಿ ನೆನಪಾಯಿತು, ಪ್ರಯೋಜನಕ್ಕೆ ಬರಲಿಲ್ಲ. ಅಷ್ಟರಲ್ಲಿ ಶುರು ಮಾಡಿ ಎಂದು ಕಾರಿನ ಹಾರನ್ ಕೇಳಿತು. ಮಸ್ಟರ್ಡ್ ಒಳಗೆ ಕಾಲಿಟ್ಟ. ನೆಸ್ಟಾ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ನಾನು ಬಾಯಿ ತೆರೆದೆ.

"ಬಾಗಿಲಿಂದ ಒಳಗೆ ಕುಕ್ಕುಲೋಟ. ಟೀಪಾಯಿ ಹತ್ರ ನಿಂತ್ಕೊಂಡು ಅತ್ತೆಗೆ ನಮಸ್ಕಾರ."

ಬೇಲಿಯಾಚೆ ನಿಂತಿದ್ದ ಐವತ್ತು ಜನರೂ ನನ್ನ ಕಡೆ ತಿರುಗಿದರು. ಕಾರಿನ ಗಾಜು ನಿಧಾನವಾಗಿ ಇಳಿಯಿತು. ಒಳಗೆ ಟೋಪಿ ಹಾಕಿದ ದಪ್ಪನೆಯ ಹೆಂಗಸು. ಗದ್ದ ಸಾಕ್ಷಾತ್ ಅತ್ತೆಯದೇ. ಆದರೆ ನೆಸ್ಟಾಳ ಬೆನ್ನು ನೆಟ್ಟಗಾಯಿತು. ನಿಂತಳು, ನಮಸ್ಕರಿಸಿದಳು, ಹೊರಟಳು. "ಮೀನಿನ ತೊಟ್ಟಿಯಿಂದ ದೊಡ್ಡ ಸುತ್ತು" ಎಂದೆ, ಚಂದದ ಸುತ್ತು ಬಂತು. "ಸೋಫಾದಿಂದ ಓರೆಯಾಗಿ ಪುಸ್ತಕದ ಕಪಾಟಿಗೆ" ಎಂದೆ, ಅದೂ ಬಂತು. ಮುದುಕ ಮಸ್ಟರ್ಡ್ ಕಿವಿ ನಿಮಿರಿಸಿಕೊಂಡು, ಹುಟ್ಟಿದಾಗಿನಿಂದ ನಮ್ಮ ಹಜಾರದಲ್ಲೇ ಬೆಳೆದವನ ಹಾಗೆ ಓಡಿದ. ಕೊನೆಯ ನಮಸ್ಕಾರದವರೆಗೂ ಹಾರನ್ ಕೇಳಲಿಲ್ಲ. ಜನರ ನಗು ಮಾತ್ರ ಪಕ್ಕದ ಜಿಲ್ಲೆಗೂ ಕೇಳಿರಬೇಕು.

ಮೂರನೆಯ ಸ್ಥಾನ, ಹಳದಿ ರಿಬ್ಬನ್. ನೆಸ್ಟಾ ಮಸ್ಟರ್ಡ್‌ನ ಕುತ್ತಿಗೆಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ, ಮಳೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅಂಕಪಟ್ಟಿಯ ಕೆಳಗೆ ತೀರ್ಪುಗಾರರು ಹೀಗೆ ಬರೆದಿದ್ದರು: "ಕುದುರೆ ಸಜ್ಜನ, ಸವಾರಿ ನಿರಾಳ. ಸೋಫಾ ಬಳಿ ತಿರುವು ಇಕ್ಕಟ್ಟಾಯಿತು, ದಯವಿಟ್ಟು ಸೋಫಾ ಸರಿಸಿ. ಹಾಳೆ ಓದದ ಮಹನೀಯರಿಗಾಗಿ ಎರಡು ಅಂಕ ಕಡಿತ. ನಮಸ್ಕಾರ ತಲುಪಿತು." ಸಹಿಯ ಜಾಗದಲ್ಲಿ "ಅತ್ತೆ" ಎಂದಿತ್ತು.

ಅಂದು ಸಂಜೆಯೇ ನಾನು ಸೋಫಾ ಸರಿಸಿದೆ.

ಮಸ್ಟರ್ಡ್ ಈಗ ನಿವೃತ್ತ. ಹುಲ್ಲುಗಾವಲಲ್ಲಿ ಹಾಯಾಗಿದ್ದಾನೆ. ನನಗೂ ಬಿಡುಗಡೆಯಾಯಿತು ಎಂದುಕೊಂಡು ಕಾಲು ಚಾಚಿ ಕೂತಿದ್ದೆ. ಮೊನ್ನೆ ನೆಸ್ಟಾ ಫೋನಿಟ್ಟು ಬಂದಳು. ಸವಾರಿ ಕ್ಲಬ್ಬಿನ ನಾಲ್ವರು ಹೆಂಗಸರು ಬುಧವಾರ ನಮ್ಮ ಹಜಾರಕ್ಕೆ ಪಾಠಕ್ಕೆ ಬರುತ್ತಾರಂತೆ, ದಾರ ಅವರವರೇ ತರುತ್ತಾರಂತೆ.

"ನಿನ್ನ ಮಂಡಿ ನೋವಿನ ವಿಷಯ ಹೇಳ್ದೆ," ಎಂದಳು.

ಎಷ್ಟಾದರೂ ಕೈಹಿಡಿದವಳು ಎಂದು ನನ್ನ ಮನಸ್ಸು ತುಂಬಿ ಬಂತು.

"ಅದಕ್ಕೇ ಒಬ್ಬೊಬ್ಬರಿಗೆ ಅರ್ಧ ಗಂಟೆ ಮಾತ್ರ ಅಂತ ಒಪ್ಪಿಸಿದೀನಿ."

ನಾನು ಏನೋ ಹೇಳಲು ಹೋದೆ. ಅವಳು ನನ್ನ ಕುತ್ತಿಗೆ ತಟ್ಟಿ, ಅಂಗೈ ಚಪ್ಪಟೆ ಮಾಡಿ ಒಂದು ಪೆಪ್ಪರ್‌ಮೆಂಟು ಚಾಚಿದಳು.

ತಿಂದೆ.